ಕಾರ್ಡ್ ಇಲ್ಲದವರ ಕಣ್ಣಿನ ಪೊರೆ: ನಮ್ಮ ಮೆಡಿಕಲ್ ಕಾಲೇಜುಗಳಲ್ಲಿ ಸಿಗುವುದೇನು, ತಪ್ಪುವುದೆಲ್ಲಿ

ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು 1976ರಲ್ಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಎಂಬ ಕಾರ್ಡಿನ ಆರೋಗ್ಯ ವಿಮೆ ಬಂದದ್ದು 2018ರಲ್ಲಿ. ನಡುವಿನ 42 ವರ್ಷವೂ ಪೊರೆ ಬಂದ ಬಡವರ ಕಣ್ಣಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಆಪರೇಷನ್ ಆಗುತ್ತಲೇ ಇತ್ತು. ಈಗ ಬಳ್ಳಾರಿ, ರಾಯಚೂರು, ಕೊಪ್ಪಳದ ದೊಡ್ಡಾಸ್ಪತ್ರೆಗಳ ಕೌಂಟರಿನಲ್ಲಿ ಮೊದಲು ಕೇಳುವುದು "ಕಾರ್ಡ್ ಐತೇನು?" ಎಂದು. ಇಲ್ಲ ಎನ್ನಬೇಕಾದವರು ಎಷ್ಟೋ ಸಲ ಚೀಟಿಯನ್ನೂ ಮಾಡಿಸದೆ ಬಸ್‌ಸ್ಟ್ಯಾಂಡಿನ ಕಡೆ ನಡೆಯುತ್ತಾರೆ. ಕಾರ್ಡ್ ಇಲ್ಲದಿದ್ದರೆ ಆಪರೇಷನ್ ಇಲ್ಲವೆಂದು ಯಾರೂ ಹೇಳಿರುವುದಿಲ್ಲ, ಅವರೇ ಹಾಗೆ ತಿಳಿದಿರುತ್ತಾರೆ. ಪೊರೆಯ ಆಪರೇಷನ್ನಿಗೆ ವಿಮೆ ಒಂದು ದಾರಿ ಅಷ್ಟೇ, ಅದೊಂದೇ ದಾರಿಯಲ್ಲ. ನಿಜವಾದ ಖರ್ಚು, ನಿಜವಾದ ಅಪಾಯ ಎರಡೂ ಇರುವುದು ಆಪರೇಷನ್ ಟೇಬಲ್ಲಿನ ಆ ಹದಿನೈದು–ಇಪ್ಪತ್ತು ನಿಮಿಷದ ಹಿಂದೆ ಮುಂದೆ.

ಈ ಮೂರು ಜಿಲ್ಲೆಗಳಲ್ಲಿ ಮೂರು ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಬಳ್ಳಾರಿಯಲ್ಲಿ 1961ರಲ್ಲಿ ಶುರುವಾಗಿ, ಈಗ ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರ ಎಂದು ಹೆಸರಾದರೂ ಜನರ ಬಾಯಲ್ಲಿ ವಿಮ್ಸ್ ಆಗಿಯೇ ಉಳಿದದ್ದು. ರಾಯಚೂರಿನ ರಿಮ್ಸ್, 2007ರದು. ಕೊಪ್ಪಳದ ಕಿಮ್ಸ್, 2015ರದು. ರಾಯಚೂರಿನಲ್ಲಿ ಖಾಸಗಿಯಾಗಿ ನವೋದಯ ಮೆಡಿಕಲ್ ಕಾಲೇಜೂ ಇದೆ. ಕಲಿಸುವ ಆಸ್ಪತ್ರೆಗಳಲ್ಲಿ ಖರ್ಚು ಕಡಿಮೆ ಇರುವುದಕ್ಕೆ ಕಾರಣ ಸರಳ. ಪ್ರಾಧ್ಯಾಪಕರಿಗೆ ಸಂಬಳ ಬರುತ್ತದೆ, ಒಂದೊಂದು ಆಪರೇಷನ್ನಿಗೆ ಇಷ್ಟು ಎಂಬ ಫೀಸು ಇರುವುದಿಲ್ಲ. ಸೂಕ್ಷ್ಮದರ್ಶಕ, ಸ್ಟೆರಿಲೈಸರ್, ಹಾಸಿಗೆಗಳು ಕಾಲೇಜಿಗೆಂದೇ ಬಂದಿರುತ್ತವೆ. ಕಲಿಯುವವರಿಗೆ ರೋಗಿಗಳು ಬೇಕು. ಖಾಸಗಿ ಕಾಲೇಜಿಗೂ ಅಷ್ಟೆ: ಒಪಿಡಿ ತುಂಬದಿದ್ದರೆ, ಆಪರೇಷನ್ ಸಂಖ್ಯೆ ಬಾರದಿದ್ದರೆ ಸೀಟುಗಳ ಮಾನ್ಯತೆಗೇ ತೊಂದರೆ. ಉಚಿತ ವಾರ್ಡು, ಹಳ್ಳಿಗೆ ಬರುವ ಶಿಬಿರದ ಬಸ್ಸು ಇವೆಲ್ಲ ಅಲ್ಲಿಂದ ಬಂದವು. ರೋಗಿ ಇಲ್ಲಿ ಬೇಡಲು ಬಂದವರಲ್ಲ. ಆಸ್ಪತ್ರೆಗೂ ಅವರು ಬೇಕು. ಇದನ್ನು ತಿಳಿದು ಮಾತಾಡಿದರೆ ಕೌಂಟರಿನಲ್ಲಿ ದನಿಯೇ ಬೇರೆಯಾಗುತ್ತದೆ.

ಕಾರ್ಡ್ ಯಾಕೆ ಇರುವುದಿಲ್ಲ

ವಿಮೆ ಇಲ್ಲದವರೆಲ್ಲ ಒಂದೇ ಬಗೆಯವರಲ್ಲ. ಮನೆಯಲ್ಲೊಬ್ಬರಿಗೆ ನೌಕರಿ ಸಿಕ್ಕಿ ಬಿಪಿಎಲ್ ಕಾರ್ಡ್ ರದ್ದಾದ ಹಿರಿಯರು ಇದ್ದಾರೆ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಹೆಸರು ಮಾತ್ರ ಅತ್ತೆಮನೆಯ ರೇಷನ್ ಕಾರ್ಡಿನಲ್ಲೇ ಉಳಿದ ಹೆಂಗಸರಿದ್ದಾರೆ. ಬೆಂಗಳೂರಿಗೋ ಗೋವಾಕ್ಕೋ ಗುಳೆ ಹೋಗಿದ್ದಾಗ ಇ-ಕೆವೈಸಿ ತಪ್ಪಿ ಹೆಸರು ಬಿಟ್ಟುಹೋದವರಿದ್ದಾರೆ. ಸಿರುಗುಪ್ಪ, ಬಳ್ಳಾರಿ, ರಾಯಚೂರಿನ ಗಡಿ ಹಳ್ಳಿಗಳಲ್ಲಿ ಬದುಕು ಈ ಕಡೆ, ಆಧಾರ್ ವಿಳಾಸ ಆಂಧ್ರ ಇಲ್ಲವೇ ತೆಲಂಗಾಣದ ಕಡೆ ಇರುವವರಿದ್ದಾರೆ. ಇನ್ನು ಕಾರ್ಡ್ ಇದ್ದೂ ಇಲ್ಲದಂತಾದವರು: ನಲವತ್ತು ವರ್ಷ ನಾಟಿ ಹಚ್ಚಿ, ಹತ್ತಿ ಬಿಡಿಸಿ ಬೆರಳ ಗೆರೆಗಳೇ ಸವೆದಿರುತ್ತವೆ, ಯಂತ್ರ ಹೆಬ್ಬೆಟ್ಟನ್ನು ಗುರುತಿಸುವುದಿಲ್ಲ. ಒಟಿಪಿ ಬರಬೇಕಾದ ಮೊಬೈಲ್ ನಂಬರು ದೂರದ ಊರಿನಲ್ಲಿರುವ ಮಗನ ಜೇಬಿನಲ್ಲಿರುತ್ತದೆ.

ಎಪಿಎಲ್ ಕುಟುಂಬಕ್ಕೂ ಯೋಜನೆಯಲ್ಲಿ ಜಾಗವಿದೆ, ಆದರೆ ಅರ್ಧಂಬರ್ಧ. ಬಿಪಿಎಲ್‌ನವರಿಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಪೂರ್ತಿ ಸಿಕ್ಕರೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಉಳಿದ ಶೇ. 70 ರೋಗಿಯ ಕೈಯಿಂದ.

ಅಂಧತ್ವ ನಿಯಂತ್ರಣ ಕಾರ್ಯಕ್ರಮಕ್ಕೆ ಈ ಬಿಪಿಎಲ್–ಎಪಿಎಲ್ ಲೆಕ್ಕದ ಹಂಗಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಪೊರೆ ತೆಗೆದು ಲೆನ್ಸ್ ಕೂರಿಸುವುದು ಆ ಕಾರ್ಯಕ್ರಮದ ಮೂಲ ಕೆಲಸ. ಉಚಿತವಾಗಿ ಆಪರೇಷನ್ ಮಾಡುವ ಸ್ವಯಂಸೇವಾ ಆಸ್ಪತ್ರೆಗಳಿಗೂ ಅದೇ ಕಾರ್ಯಕ್ರಮ ಒಂದು ಕಣ್ಣಿಗೆ 2,000 ರೂಪಾಯಿಯಂತೆ ಅನುದಾನ ಕೊಡುತ್ತದೆ. ಹಾಗಾದರೆ ಕೌಂಟರಿನಲ್ಲಿ ಕಾರ್ಡನ್ನೇ ಯಾಕೆ ಕೇಳುತ್ತಾರೆ? ಕಾರ್ಡ್ ಇದ್ದರೆ ಪ್ಯಾಕೇಜಿನ ಹಣ ಕ್ಲೇಮ್ ಆಗಿ ಆಸ್ಪತ್ರೆಯ ಖಾತೆಗೆ ಬರುತ್ತದೆ, ಔಷಧಿ ಮುಗಿದಾಗ ಆ ಹಣವೇ ಆಸರೆ. ಕೇಳುವುದು ತಪ್ಪಲ್ಲ. ಇಲ್ಲ ಎಂದವರಿಗೆ ಎರಡನೇ ದಾರಿ ಹೇಳದೆ ಬಿಡುವುದು ತಪ್ಪು.

ಆದ್ದರಿಂದ ಕೌಂಟರಿನಲ್ಲಿ "ಕಾರ್ಡ್ ಇಲ್ಲ" ಎಂದು ಸುಮ್ಮನಾಗಬೇಡಿ. "ಒಪಿಡಿ ಚೀಟಿ ಮಾಡಿಕೊಡ್ರಿ, ಅಂಧತ್ವ ನಿಯಂತ್ರಣ ಕಾರ್ಯಕ್ರಮದಾಗ ಆಪರೇಷನ್ ಆಗಬೇಕು" ಎಂದು ಹೇಳಿ. ಗುರುತಿಗೆ ಯಾವ ರಾಜ್ಯದ ಆಧಾರ್ ಇದ್ದರೂ ಒಯ್ಯಿರಿ. ಆಂಧ್ರ, ತೆಲಂಗಾಣದ ಆಯುಷ್ಮಾನ್ ಕಾರ್ಡ್ ಇದ್ದವರು ಅದನ್ನೂ ತೋರಿಸಿ, ಬೇರೆ ರಾಜ್ಯದಲ್ಲಿ ಬಳಸುವ ಅವಕಾಶ ಆ ಯೋಜನೆಯಲ್ಲೇ ಇದೆ. ರಕ್ತಪರೀಕ್ಷೆ, ಇಸಿಜಿಗೆ ಬಳಕೆದಾರರ ಶುಲ್ಕ ಕೇಳಿದರೆ ರಸೀದಿ ಪಡೆಯಿರಿ. ಕಟ್ಟಲಾಗದಿದ್ದರೆ ಮನ್ನಾ ಕೋರಿ ವೈದ್ಯಕೀಯ ಅಧೀಕ್ಷಕರಿಗೆ ಒಂದು ಬಿಳಿ ಹಾಳೆಯಲ್ಲಿ ಅರ್ಜಿ ಬರೆಯಿರಿ. ಇದಕ್ಕಿಂತ ಸುಲಭದ ದಾರಿ ನಿಮ್ಮ ತಾಲ್ಲೂಕು ಆಸ್ಪತ್ರೆಯ ನೇತ್ರಾಧಿಕಾರಿ. ದೃಷ್ಟಿ ನೋಡಿ, ಪೊರೆಯೆಂದು ಬರೆದು ಅವರು ಕೊಟ್ಟ ಚೀಟಿ ಹಿಡಿದು ಹೋದರೆ ಅರ್ಧ ಓಡಾಟ ತಪ್ಪುತ್ತದೆ. ಕಾರ್ಡ್ ಸರಿಪಡಿಸಲು ಅರ್ಜಿ ಹಾಕುವುದು ಹಾಕಿ, ಆದರೆ ಅದು ಬರಲೆಂದು ಕಣ್ಣನ್ನು ಕಾಯಿಸಬೇಡಿ.

ಪೊರೆ ಹಣ್ಣಾಗಲಿ ಎಂಬ ಮಾತು

ಕಾಯಿಸುವುದಕ್ಕೆ ಇನ್ನೊಂದು ಕಾರಣ ಹಳೆಯ ನಂಬಿಕೆ. "ಮೋತಿಬಿಂದು ಇನ್ನೂ ಬಲಿತಿಲ್ಲ, ಹಣ್ಣಾಗಲಿ" ಎನ್ನುವ ಮಾತು ನಮ್ಮ ಕಡೆ ಇನ್ನೂ ಗಟ್ಟಿಯಾಗಿದೆ. ಒಂದು ಕಾಲದಲ್ಲಿ ಅದಕ್ಕೆ ಅರ್ಥವಿತ್ತು. ಬೀಳಗಿಯ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರಗಳಲ್ಲಿ ಸಾವಿರಾರು ಕಣ್ಣು ತೆರೆಸಿದ ಕಾಲದಲ್ಲಿ ಪೊರೆ ಕವಿದ ಕಣ್ಣಿನ ಲೆನ್ಸನ್ನು ಇಡಿಯಾಗಿ ಹೊರತೆಗೆಯುತ್ತಿದ್ದರು, ಒಳಗೆ ಬೇರೆ ಲೆನ್ಸ್ ಇಡುವ ಪದ್ಧತಿ ಇರಲಿಲ್ಲ. ಆಮೇಲೆ ಸುಮಾರು +10 ಪವರಿನ, ಸೋಡಾಬಾಟಲಿಯ ತಳದಂಥ ಕನ್ನಡಕ. ಅದು ಒಡೆದರೆ ಮತ್ತೆ ಕತ್ತಲು. ಹಾಗಾಗಿ ಪೂರ್ತಿ ಕಾಣದಾಗುವ ತನಕ ಕಾಯಿರಿ ಎನ್ನುತ್ತಿದ್ದರು. ಈಗ ಕಣ್ಣೊಳಗೇ ಲೆನ್ಸ್ ಕೂರುತ್ತದೆ. ಕಾದರೆ ನಷ್ಟವೇ. ಬಲಿತ ಪೊರೆ ಗಟ್ಟಿಯಾಗಿ ಕಲ್ಲಿನಂತಾಗುತ್ತದೆ, ಹೊರತೆಗೆಯುವಾಗ ಕಣ್ಣಿನ ಕರಿಗುಡ್ಡೆಯ (ಕಾರ್ನಿಯಾ) ಒಳಪದರ ಹೆಚ್ಚು ಉಜ್ಜಿಹೋಗುತ್ತದೆ. ಇನ್ನೂ ಕಾದರೆ ಪೊರೆ ಊದಿಕೊಂಡು ಕಣ್ಣಿನ ದ್ರವ ಹೊರಹೋಗುವ ದಾರಿ ಮುಚ್ಚಬಹುದು, ಇಲ್ಲವೇ ಕರಗಿ ಸೋರಿ ಆ ದಾರಿ ಕಟ್ಟಿಕೊಳ್ಳಬಹುದು. ಎರಡರಲ್ಲೂ ಕಣ್ಣಿನ ಒತ್ತಡ ಏರಿ, ತಲೆ ಒಡೆಯುವಂಥ ನೋವು, ವಾಂತಿ, ಕೆಂಪು. ದೃಷ್ಟಿ ನರ ಅಷ್ಟರಲ್ಲಿ ಸತ್ತಿದ್ದರೆ ಪೊರೆ ತೆಗೆದರೂ ಕಣ್ಣು ಬರುವುದಿಲ್ಲ. ಇಂಥ ನೋವು ಬಂದ ದಿನವೇ ಆಸ್ಪತ್ರೆಗೆ ಹೋಗಬೇಕು.

ಬೇಸಿಗೆಯಲ್ಲಿ ಮಾಡಿಸಬಾರದು ಎಂಬುದಕ್ಕೂ ವೈದ್ಯಕೀಯ ಆಧಾರವಿಲ್ಲ. ಕೆಲಸದ ಲೆಕ್ಕ ಮಾತ್ರ ನಿಜ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಭತ್ತದ ಸೀಮೆಯಲ್ಲಿ ಕೊಯ್ಲು, ಒಕ್ಕಣೆಯ ಧೂಳಿಗೆ ಹೊಸ ಗಾಯದ ಕಣ್ಣನ್ನು ಒಡ್ಡಬಾರದು. ಭತ್ತದ ಸುಂಕು ಗುದ್ದಿದ ಕಣ್ಣಿನಲ್ಲಿ ಶಿಲೀಂಧ್ರದ ಹುಣ್ಣು ಎದ್ದರೆ ಅದು ಪೊರೆಗಿಂತ ದೊಡ್ಡ ಸಂಕಟ. ಕೊಯ್ಲಿಗೆ ಆರು ವಾರ ಮುಂಚೆ, ಇಲ್ಲವೇ ಮುಗಿದ ಮೇಲೆ ಮಾಡಿಸುವುದು ಜಾಣತನ.

ಯಾವ ಆಪರೇಷನ್, ಯಾವ ಲೆನ್ಸ್

ಕಲಿಸುವ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಮಾಡುವುದು ಸಣ್ಣ ಗಾಯದ ಹೊಲಿಗೆಯಿಲ್ಲದ ವಿಧಾನ, ವೈದ್ಯರ ಮಾತಿನಲ್ಲಿ ಎಸ್‌ಐಸಿಎಸ್. ಬಿಳಿಗುಡ್ಡೆಯಲ್ಲಿ 6–7 ಮಿ.ಮೀ. ಅಗಲದ ಸುರಂಗ ಕೊರೆದು, ಪೊರೆಯ ಗಟ್ಟಿ ತಿರುಳನ್ನು ಇಡಿಯಾಗಿ ಹೊರತೆಗೆದು, ಉಳಿದ ಮೆತ್ತನೆಯದನ್ನು ತೊಳೆದು, ಪೊರೆ ಇದ್ದ ಚೀಲದಲ್ಲೇ ಪಿಎಂಎಂಎ ಎಂಬ ಗಡುಸು ಪ್ಲಾಸ್ಟಿಕ್ಕಿನ ಲೆನ್ಸ್ ಕೂರಿಸುತ್ತಾರೆ. ಸುರಂಗ ಓರೆಯಾಗಿರುವುದರಿಂದ ಕಣ್ಣಿನ ಒಳ ಒತ್ತಡವೇ ಅದನ್ನು ಮುಚ್ಚುತ್ತದೆ. ಇನ್ನೊಂದು ಫೇಕೋ: 2.2ರಿಂದ 2.8 ಮಿ.ಮೀ. ಗಾಯ, ಶ್ರವಣಾತೀತ ಕಂಪನದಿಂದ ಪೊರೆಯನ್ನು ಒಡೆದು ಹೀರುವುದು, ಮಡಚುವ ಲೆನ್ಸ್. ಜನ ಇದನ್ನು "ಲೇಸರ್ ಆಪರೇಷನ್" ಎನ್ನುತ್ತಾರೆ, ಇದರಲ್ಲಿ ಲೇಸರ್ ಇಲ್ಲ.

ಫೇಕೋ ಆದವರಿಗೆ ಕಣ್ಣು ಬೇಗ ತಿಳಿಯಾಗುತ್ತದೆ, ಕನ್ನಡಕದ ಅಡ್ಡ ಪವರು (ಸಿಲಿಂಡರ್) ಕಡಿಮೆ ಬರುತ್ತದೆ. ಆದರೆ ಹಳ್ಳಿಯಿಂದ ಬರುವ ಬಲಿತ, ಗಟ್ಟಿ ಪೊರೆಗಳಲ್ಲಿ ಎಸ್‌ಐಸಿಎಸ್ ಏನೂ ಕಡಿಮೆಯಲ್ಲ. ಕಠ್ಮಂಡುವಿನ ಡಾ. ಸಂದೂಕ್ ರುಯಿತ್ ಅವರ ತಂಡ ಎರಡನ್ನೂ ಹೋಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರು ತಿಂಗಳ ನಂತರದ ದೃಷ್ಟಿ ಎರಡರಲ್ಲೂ ಚೆನ್ನಾಗಿತ್ತು, ಎಸ್‌ಐಸಿಎಸ್ ಬೇಗ ಮುಗಿಯುತ್ತಿತ್ತು, ಅಗ್ಗವೂ ಆಗಿತ್ತು. ಮಧುರೈನ ಅರವಿಂದ್ ಕಣ್ಣಾಸ್ಪತ್ರೆ 1992ರಲ್ಲಿ ಆರೋಲ್ಯಾಬ್ ಕಟ್ಟಿ ಲೆನ್ಸನ್ನು ಇಲ್ಲೇ ತಯಾರಿಸಿದ ಮೇಲೆ ಪಿಎಂಎಂಎ ಲೆನ್ಸ್ ಕೆಲವೇ ನೂರು ರೂಪಾಯಿಗೆ ಇಳಿಯಿತು. "ಸರ್ಕಾರಿ ಲೆನ್ಸ್ ಹತ್ತು ವರ್ಷಕ್ಕೆ ಹಾಳಾಗುತ್ತೆ" ಎನ್ನುವುದು ಸುಳ್ಳು, ಆ ಲೆನ್ಸ್ ಜೀವನಪೂರ್ತಿ ಇರುತ್ತದೆ. ವರ್ಷಗಳ ಮೇಲೆ ಮತ್ತೆ ಮಂಜಾದರೆ ಅದು ಲೆನ್ಸಿನ ಹಿಂದಿನ ಚೀಲದ ಮಸುಕು. ಯಾಗ್ ಲೇಸರಿನಿಂದ ಕೆಲವು ನಿಮಿಷದಲ್ಲಿ ತೆರೆಯಬಹುದು, ಮತ್ತೊಂದು ಆಪರೇಷನ್ ಬೇಡ. ಹಾಗಾಗಿ ಸಾಲ ಮಾಡಿ ದುಬಾರಿ ಲೆನ್ಸ್ ಹಾಕಿಸುವ ಅಗತ್ಯ ಯಾರಿಗೂ ಇಲ್ಲ. ಹಣದ ಚಿಂತೆ ಇದ್ದವರಿಗೆ ದೂರ, ಹತ್ತಿರ ಎರಡಕ್ಕೂ ಎನ್ನುವ ಬಹುಕೇಂದ್ರದ (ಮಲ್ಟಿಫೋಕಲ್) ಲೆನ್ಸನ್ನು ಹೊಗಳಿ ಹೇಳುವುದು ನ್ಯಾಯವೂ ಅಲ್ಲ.

ಲೆನ್ಸಿನ ಬೆಲೆಗಿಂತ ಅದರ ಪವರು ಮುಖ್ಯ

ನಮ್ಮ ಪ್ರಕಾರ ಇಡೀ ಕೆಲಸದಲ್ಲಿ ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವುದು ಲೆನ್ಸ್ ಪವರಿನ ಅಳತೆ. ಎ-ಸ್ಕ್ಯಾನ್ ಯಂತ್ರದಿಂದ ಕಣ್ಣಿನ ಉದ್ದ, ಕೆರಾಟೋಮೀಟರಿನಿಂದ ಕರಿಗುಡ್ಡೆಯ ಬಾಗು ಅಳೆಯುತ್ತಾರೆ. ಹಳೆಯ ಎಸ್‌ಆರ್‌ಕೆ ಸೂತ್ರದಲ್ಲಿ ಲೆಕ್ಕ ಹೀಗೆ: ಲೆನ್ಸಿನ ಸ್ಥಿರಾಂಕದಿಂದ ಕಣ್ಣಿನ ಉದ್ದದ 2.5 ಪಟ್ಟು, ಬಾಗಿನ 0.9 ಪಟ್ಟು ಕಳೆಯಬೇಕು. ಸ್ಥಿರಾಂಕ 118.2, ಉದ್ದ 23 ಮಿ.ಮೀ., ಬಾಗು 44 ಇದ್ದರೆ 118.2 − 57.5 − 39.6 = 21.1. ಅಂದರೆ ಸುಮಾರು 21ರ ಲೆನ್ಸ್. ಈಗಿನ ಯಂತ್ರಗಳು ಇನ್ನೂ ನಯವಾದ ಸೂತ್ರ ಬಳಸುತ್ತವೆ, ಆದರೆ ತಪ್ಪು ನುಸುಳುವ ಜಾಗ ಅದೇ. ಎ-ಸ್ಕ್ಯಾನಿನ ಕಡ್ಡಿ ಕರಿಗುಡ್ಡೆಯನ್ನು ತುಸು ಒತ್ತಿದರೂ ಕಣ್ಣು ಗಿಡ್ಡವಾಗಿ ತೋರುತ್ತದೆ. 0.4 ಮಿ.ಮೀ. ಒತ್ತಿದರೆ ಲೆಕ್ಕ 21.1ರ ಬದಲು 22.1 ಬರುತ್ತದೆ, ಆಪರೇಷನ್ ಎಷ್ಟೇ ಚಂದವಾದರೂ ದೂರದ್ದು ಮಂಜು. ಒಂದು ಮಿ.ಮೀ. ತಪ್ಪಿದರೆ ಎರಡೂವರೆ ಪವರು ತಪ್ಪಿದಂತೆ.

ತಡೆಯುವುದು ಕಷ್ಟವಲ್ಲ. ಎರಡೂ ಕಣ್ಣು ಅಳೆಯಬೇಕು. ಒಂದೊಂದು ಕಣ್ಣಿನಲ್ಲೂ ಹಲವು ಸಲ ಅಳೆದು ಹತ್ತಿರ ಹತ್ತಿರ ಬಂದವನ್ನು ಮಾತ್ರ ಇಟ್ಟುಕೊಳ್ಳಬೇಕು. ಎರಡು ಕಣ್ಣಿನ ಉದ್ದದಲ್ಲಿ 0.3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಬೇರೊಬ್ಬರು ಮತ್ತೆ ಅಳೆಯಬೇಕು. ಬೆಳಿಗ್ಗೆಯಿಂದ ನೂರು ಜನ ಸಾಲಿನಲ್ಲಿರುವಾಗ ಈ ಎರಡನೇ ಅಳತೆಯೇ ಮೊದಲು ಬಿಟ್ಟುಹೋಗುವುದು.

ಇನ್ನೊಂದು ತೊಡಕು ದಾಸ್ತಾನಿನದು. ಹೆಚ್ಚಿನವರಿಗೆ 20ರಿಂದ 22ರ ಲೆನ್ಸ್ ಬೇಕಾಗುವುದರಿಂದ ಅವೇ ಮೊದಲು ಖಾಲಿಯಾಗುತ್ತವೆ. 16, 26ರಂಥವು ಮೊದಲೇ ಬಂದಿರುವುದಿಲ್ಲ. ಆಗ ಹತ್ತಿರದ ಪವರನ್ನು ಹಾಕಿಬಿಡುವ ಒತ್ತಡ ಬರುತ್ತದೆ, ಇಲ್ಲವೇ ಲೆನ್ಸನ್ನು ಹೊರಗಿನಿಂದ ತನ್ನಿ ಎನ್ನುತ್ತಾರೆ. ಒಂದು ವಾರ ಕಾದರೂ ಸರಿ, ಸರಿಯಾದ ಪವರಿನದೇ ಬರಲಿ. ಹೊರಗಿನಿಂದ ತರಲೇಬೇಕಾದರೆ ಪವರು, ಬಗೆ ಎರಡನ್ನೂ ಚೀಟಿಯಲ್ಲಿ ಬರೆಸಿಕೊಂಡು ಬಿಲ್ ಸಮೇತ ತನ್ನಿ. ಲೆನ್ಸಿನ ಡಬ್ಬಿಯ ಸ್ಟಿಕ್ಕರನ್ನು ಡಿಸ್ಚಾರ್ಜ್ ಕಾರ್ಡಿಗೆ ಅಂಟಿಸಬೇಕು. ಅದರಲ್ಲಿ ಪವರು, ಸರಣಿ ಸಂಖ್ಯೆ, ಅವಧಿ ಮುಗಿಯುವ ದಿನ ಇರುತ್ತವೆ. ಅಂಟಿಸಿಲ್ಲದಿದ್ದರೆ ಕೇಳಿ ಪಡೆಯಿರಿ.

ಟೇಬಲ್ ತನಕ ಹೋಗಿ ವಾಪಸ್ ಬರುವವರು

ಉಳಿದ ಪರೀಕ್ಷೆಗಳಲ್ಲಿ ಜನ ಬೇಸರಪಡುವುದು ಕಣ್ಣೀರ ನಾಳಕ್ಕೆ ನೀರು ಹೊಡೆದು ನೋಡುವುದರ ಬಗ್ಗೆ. ನೀರು ಗಂಟಲಿಗೆ ಇಳಿದರೆ ಸರಿ. ಕೀವಿನ ಜೊತೆ ವಾಪಸ್ ಬಂದರೆ ಮೂಗಿನ ಬದಿಯ ಚೀಲದಲ್ಲಿ ಸೋಂಕಿದೆ. ಮೊದಲು ಅದಕ್ಕೆ ಚಿಕಿತ್ಸೆ, ಆಮೇಲೆ ಪೊರೆ. ಇದನ್ನು ಬಿಟ್ಟು ಕಣ್ಣು ತೆರೆದರೆ ಕೀವು ಒಳಗೇ ಹೋಗುತ್ತದೆ. ಪೊರೆ ದಟ್ಟವಾಗಿ ಕಣ್ಣಿನ ಹಿಂಪರದೆ (ರೆಟಿನಾ) ಕಾಣದಿದ್ದರೆ ಬಿ-ಸ್ಕ್ಯಾನ್, ಅಂದರೆ ಕಣ್ಣಿನ ಅಲ್ಟ್ರಾಸೌಂಡ್, ಆಗಬೇಕು. ಟಾರ್ಚಿನ ಬೆಳಕು ಯಾವ ಕಡೆಯಿಂದ ಬಿತ್ತು ಎಂದು ಹೇಳಲಾಗದ ಕಣ್ಣಿನಲ್ಲಿ ಪೊರೆ ತೆಗೆದರೂ ಲಾಭ ಕಡಿಮೆ, ಅದನ್ನು ಮನೆಯವರಿಗೆ ಮೊದಲೇ ಹೇಳಬೇಕು.

ಸಕ್ಕರೆ ಸಾಮಾನ್ಯವಾಗಿ 200ರ ಒಳಗೆ, ಬಿಪಿ 160/100ರ ಒಳಗೆ ಇರಲಿ ಎನ್ನುತ್ತಾರೆ. ಇದಕ್ಕಾಗಿ ಆಪರೇಷನ್ ದಿನ ವಾಪಸ್ ಕಳಿಸುವುದು ಬಹಳ. ಮುಖ್ಯ ಕಾರಣ, ಹಿಂದಿನ ದಿನ ಊರಿಂದ ಬರುವಾಗ ಗುಳಿಗೆ ಮನೆಯಲ್ಲೇ ಬಿಟ್ಟು ಬರುವುದು. ಇನ್ನೊಂದು, ಆಪರೇಷನ್ ಎಂದರೆ ಉಪವಾಸ ಎಂದು ತಿಳಿದು ಸಕ್ಕರೆ ಗುಳಿಗೆ ನುಂಗಿ ಏನೂ ತಿನ್ನದೆ ಬರುವುದು. ಇಲ್ಲಿ ಪ್ರಜ್ಞೆ ತಪ್ಪಿಸುವುದಿಲ್ಲ, ಕಣ್ಣಿನ ಸುತ್ತ ಮರಗಟ್ಟಿಸುವ ಇಂಜೆಕ್ಷನ್ ಮಾತ್ರ. ವೈದ್ಯರು ಬೇಡ ಎನ್ನದಿದ್ದರೆ ಉಪ್ಪಿಟ್ಟೋ ರೊಟ್ಟಿಯೋ ಹಗುರವಾಗಿ ತಿಂದು, ಗುಳಿಗೆ ನುಂಗಿಯೇ ಹೋಗಬೇಕು. ರಕ್ತ ತೆಳುವಾಗಿಸುವ ಗುಳಿಗೆಯನ್ನು ನೀವೇ ನಿಲ್ಲಿಸಬೇಡಿ. ಮೂತ್ರ ಕಟ್ಟುವುದಕ್ಕೆ ಗಂಡಸರು ತೆಗೆದುಕೊಳ್ಳುವ ಟ್ಯಾಮ್ಸುಲೋಸಿನ್ ಗುಳಿಗೆಯ ಬಗ್ಗೆ ತಪ್ಪದೆ ಹೇಳಿ: ಅದು ಪಾಪೆಯ ಸುತ್ತಲಿನ ಪರದೆಯನ್ನು ಸಡಿಲ ಮಾಡಿ, ಆಪರೇಷನ್ ನಡುವೆ ಅದು ಗಾಯದೊಳಗೆ ನುಗ್ಗುವಂತೆ ಮಾಡುತ್ತದೆ. ಮೊದಲೇ ಗೊತ್ತಿದ್ದರೆ ವೈದ್ಯರು ತಯಾರಾಗಿರುತ್ತಾರೆ. ಕಾಲಿನ ಹುಣ್ಣು, ಹಲ್ಲಿನ ಕೀವು, ಬಿಡದ ಕೆಮ್ಮು ಇವನ್ನೂ ಮುಚ್ಚಿಡಬಾರದು.

ಯಾರ ಕೈ?

ಕಲಿಸುವ ಆಸ್ಪತ್ರೆಯ ಬಗ್ಗೆ ಜನರಿಗಿರುವ ದೊಡ್ಡ ಅಂಜಿಕೆ ಇದು: "ಹುಡುಗರು ಕಲಿಯಾಕ ನಮ್ಮ ಕಣ್ಣ ಸಿಕ್ಕವೇನು?" ಇದನ್ನು ನೇರವಾಗಿ ಮಾತಾಡಬೇಕು. ಕಲಿಯುವವರ ಕೈಯಲ್ಲಿ ತೊಡಕು ಹೆಚ್ಚು ಎಂಬುದು ನಿಜ. ಲೆನ್ಸಿನ ಹಿಂದಿನ ಚೀಲ ಹರಿಯುವುದು ಅವುಗಳಲ್ಲಿ ಮುಖ್ಯ. ಹರಿದಾಗ ಹಿಂದಿನ ಲೋಳೆ ಮುಂದೆ ಬರುತ್ತದೆ. ಅದನ್ನು ಯಂತ್ರದಿಂದ ಕತ್ತರಿಸಿ ತೆಗೆದು, ಲೆನ್ಸನ್ನು ಬೇರೆ ಜಾಗದಲ್ಲಿ ಕೂರಿಸಬೇಕು, ಇಲ್ಲವೇ ಇನ್ನೊಂದು ದಿನಕ್ಕೆ ಬಿಡಬೇಕು. ಸರಿಯಾಗಿ ನಿಭಾಯಿಸಿದರೆ ಕಣ್ಣು ಉಳಿಯುತ್ತದೆ. ನಿಭಾಯಿಸಬಲ್ಲವರು ಪಕ್ಕದಲ್ಲಿರಬೇಕು, ಅಷ್ಟೆ.

ಕಲಿಸುವುದಕ್ಕೊಂದು ಕ್ರಮವಿದೆ. ಮೊದಲು ಕುರಿ–ಮೇಕೆಯ ಕಣ್ಣುಗಳ ಮೇಲೆ ಕೈ ಪಳಗಬೇಕು. ಆಮೇಲೆ ರೋಗಿಯಲ್ಲಿ ಒಂದೇ ಹಂತ: ಸುರಂಗ ಕೊರೆಯುವುದು ಮಾತ್ರ, ಉಳಿದದ್ದು ಹಿರಿಯರು. ಅದು ಕೈಗೆ ಬಂದ ಮೇಲೆ ಉಳಿದ ಪೊರೆಯನ್ನು ತೊಳೆಯುವುದು, ಲೆನ್ಸ್ ಕೂರಿಸುವುದು. ಚೀಲದ ಮುಂಬದಿಯನ್ನು ಗುಂಡಗೆ ಹರಿಯುವುದು, ತಿರುಳನ್ನು ಹೊರತರುವುದು ಕೊನೆಯಲ್ಲಿ. ಪೂರ್ತಿ ಆಪರೇಷನ್ ಒಬ್ಬರೇ ಮಾಡುವಾಗಲೂ ಪ್ರಾಧ್ಯಾಪಕರು ಜೊತೆಯ ಕಣ್ಣುಗೊಳವೆಯಲ್ಲಿ ನೋಡುತ್ತಿರಬೇಕು. ಈ ಕ್ರಮ ನಡೆಯುವ ವಿಭಾಗದಲ್ಲಿ ರೋಗಿಗೆ ನಷ್ಟವಿಲ್ಲ, ಒಂದು ಕಣ್ಣನ್ನು ಎರಡು ಜೋಡಿ ಕಣ್ಣು ಕಾಯುತ್ತಿರುತ್ತವೆ. ಶನಿವಾರ ಶಿಬಿರದಿಂದ ಒಮ್ಮೆಲೇ ನಲವತ್ತು ಜನರನ್ನು ಬಸ್ಸಿನಲ್ಲಿ ತಂದು, ಟೇಬಲ್ಲಿಗೊಬ್ಬರಂತೆ ನಿಂತು ಮುಗಿಸುವ ದಿನ ಈ ಕ್ರಮ ಉಳಿಯುವುದು ಕಷ್ಟ.

ಕೆಲವು ಕಣ್ಣುಗಳು ಕಲಿಯುವವರ ಕೈಗೆ ಹೋಗಲೇಬಾರದು: ಇನ್ನೊಂದು ಕಣ್ಣು ಮೊದಲೇ ಹೋದವರದು, ಪೆಟ್ಟಿನಿಂದ ಬಂದ ಪೊರೆ, ಪಾಪೆ ಅಗಲವಾಗದ ಕಣ್ಣು, ಬೂದಿಯಂಥ ಪುಡಿ ಅಂಟಿ ಲೆನ್ಸಿನ ದಾರಗಳು ಸಡಿಲವಾದ ಕಣ್ಣು, ಕಿವಿ ಕೇಳದೆ ಟೇಬಲ್ಲಿನ ಮೇಲೆ ಮಾತು ಕೇಳಲಾಗದವರದು. "ನನಗ ಇದೊಂದೇ ಕಣ್ಣು ಐತ್ರಿ" ಎಂದು ರೋಗಿ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಗಟ್ಟಿಯಾಗಿ ಹೇಳಬೇಕು. ಯಾರು ಮಾಡುತ್ತಾರೆ, ಜೊತೆಗೆ ಯಾರಿರುತ್ತಾರೆ ಎಂದು ಕೇಳುವ ಹಕ್ಕು ಕಾರ್ಡ್ ಇಲ್ಲದವರಿಗೂ ಇದೆ.

ಸೋಂಕಿನ ವಿಚಾರದಲ್ಲಿ ಮಾತ್ರ ಕೈಚಳಕ ನಡೆಯುವುದಿಲ್ಲ, ಶಿಸ್ತೊಂದೇ. 5 ಶೇಕಡಾ ಪೊವಿಡೋನ್ ಅಯೋಡಿನ್ ಹನಿ ಕಣ್ಣೊಳಗೆ ಮೂರು ನಿಮಿಷ ನಿಲ್ಲಬೇಕು. ಒಬ್ಬರಿಗೊಂದು ಸಲಕರಣೆ ಸೆಟ್. ನಾಲ್ಕೇ ಸೆಟ್ ಇಟ್ಟುಕೊಂಡು ಇಪ್ಪತ್ತು ಜನರನ್ನು ಮುಗಿಸಲು ಹೊರಟರೆ ಎಲ್ಲೋ ಒಂದು ಕಡೆ ಹಬೆಯಲ್ಲಿ ಸಲಕರಣೆಯ ಕ್ರಿಮಿ ಕೊಲ್ಲುವ ಆಟೋಕ್ಲೇವ್ ಪೂರ್ತಿ ಸಮಯ ಓಡಿರುವುದಿಲ್ಲ. ಕೊನೆಯಲ್ಲಿ ಕಣ್ಣೊಳಗೆ 0.1 ಮಿ.ಲೀ. ಮಾಕ್ಸಿಫ್ಲೋಕ್ಸಾಸಿನ್ ಆ್ಯಂಟಿಬಯೋಟಿಕ್ ಹಾಕುವ ಪದ್ಧತಿ ಸೋಂಕನ್ನು ಚೆನ್ನಾಗಿ ತಗ್ಗಿಸಿದೆ. ಆದರೂ ಒಳಗೆ ಬಳಸುವ ಜೆಲ್, ದ್ರವಗಳ ಒಂದು ಬ್ಯಾಚ್ ಕೆಟ್ಟಿದ್ದರೆ ಒಂದೇ ದಿನ ಹಲವರ ಕಣ್ಣು ಹೋಗುತ್ತದೆ. 2019ರಲ್ಲಿ ಬೆಂಗಳೂರಿನ ಮಿಂಟೋ ಆಸ್ಪತ್ರೆಯಲ್ಲಿ ಒಟ್ಟಿಗೆ ಆಪರೇಷನ್ ಆದವರ ಕಣ್ಣುಗಳಿಗೆ ತೊಂದರೆಯಾದಾಗ ಅನುಮಾನ ಬಿದ್ದದ್ದು ಅಂಥ ಜೆಲ್ ಮೇಲೆಯೇ. ಬ್ಯಾಚ್ ನಂಬರನ್ನು ಪ್ರತಿ ರೋಗಿಯ ಕೇಸ್ ಶೀಟಿನಲ್ಲಿ ಬರೆಯುವುದು ಒಂದು ಸಾಲಿನ ಕೆಲಸ. ಅದನ್ನು ಬರೆದಿದ್ದರೆ ಮುಂದಿನ ರೋಗಿಯ ಕಣ್ಣು ಉಳಿಯುತ್ತದೆ.

ಮನೆಗೆ ಹೋದ ಮೇಲಿನ ಆರು ವಾರ

ಆಪರೇಷನ್ ಆದವರಿಗೆ ಸಾಮಾನ್ಯವಾಗಿ ಕೊಡುವುದು ಸ್ಟೀರಾಯ್ಡ್ ಹನಿ, ಜೊತೆಗೆ ಮೊದಲ ಒಂದೆರಡು ವಾರ ಆ್ಯಂಟಿಬಯೋಟಿಕ್ ಹನಿ. ಸ್ಟೀರಾಯ್ಡನ್ನು ಮೊದಲ ವಾರ ದಿನಕ್ಕೆ 6 ಸಲ, ಎರಡನೇ ವಾರ 5, ಹೀಗೆ ಇಳಿಸುತ್ತ ಆರನೇ ವಾರ ಒಂದು ಸಲ. ಒಟ್ಟು 147 ಹನಿ. 5 ಮಿ.ಲೀ. ಬಾಟಲಿಯಲ್ಲಿ ಇರುವುದು ಸುಮಾರು 100 ಹನಿ, ಹೊರಗೆ ಬಿದ್ದು ಪೋಲಾಗುವುದು ಬೇರೆ. ತೆರೆದ ಬಾಟಲಿಯನ್ನು ಒಂದು ತಿಂಗಳಿಗಿಂತ ಹೆಚ್ಚು ಬಳಸಲೂ ಬಾರದು. ಅಂದರೆ ಬೇಕಾದದ್ದು ಎರಡು ಬಾಟಲಿ, ಡಿಸ್ಚಾರ್ಜ್ ದಿನ ಕೈಗೆ ಸಿಗುವುದು ಒಂದು. ಮೂರನೇ ವಾರಕ್ಕೆ ಹನಿ ಮುಗಿದಾಗ ಕಣ್ಣು ಕಾಣುತ್ತಿರುತ್ತದೆ, "ಸಾಕು ಬಿಡು" ಎನ್ನುತ್ತಾರೆ. ಒಳಗಿನ ಉರಿ ಮತ್ತೆ ಏಳುವುದು ಆಗಲೇ. ಡಿಸ್ಚಾರ್ಜ್ ದಿನವೇ ಎರಡು ಬಾಟಲಿ ಕೊಡುವುದು ಆಸ್ಪತ್ರೆ ಮಾಡಬಹುದಾದ ಅತಿ ಅಗ್ಗದ ಸುಧಾರಣೆ. ಕೊಡದಿದ್ದರೆ ಚೀಟಿ ಬರೆಸಿಕೊಂಡು ಜನೌಷಧಿ ಅಂಗಡಿಯಲ್ಲಿ ಕೇಳಿ.

ಸ್ಟೀರಾಯ್ಡ್ ಬಾಟಲಿಯ ತಳದಲ್ಲಿ ಪುಡಿ ಕೂತಿರುತ್ತದೆ, ಪ್ರತಿ ಸಲ ಚೆನ್ನಾಗಿ ಅಲುಗಿಸಬೇಕು. ಎರಡು ಹನಿಗಳ ನಡುವೆ ಐದು ನಿಮಿಷ ಬಿಡಿ. ಬಾಟಲಿಯ ಮೂತಿ ರೆಪ್ಪೆಗೆ ತಾಗಬಾರದು. ಏಪ್ರಿಲ್–ಮೇ ಬಿಸಿಲಿನಲ್ಲಿ ತಗಡಿನ ಮನೆಯ ಗೂಡಿನಲ್ಲಿಟ್ಟರೆ ಔಷಧಿ ಕೆಡುತ್ತದೆ. ಮುಚ್ಚಳದ ಡಬ್ಬಿಯಲ್ಲಿ ಹಾಕಿ ನೀರಿನ ಗಡಿಗೆಯ ಪಕ್ಕದ ತಂಪಿನಲ್ಲಿಡಿ. ತಲೆಸ್ನಾನ, ಒಲೆಯ ಹೊಗೆ, ಹೊಲದ ಧೂಳು ವೈದ್ಯರು ಹೇಳುವ ತನಕ ಬೇಡ. ಎದೆಹಾಲು, ಹರಳೆಣ್ಣೆ, ಜೇನುತುಪ್ಪ ಯಾವುದನ್ನೂ ಬಿಡಬಾರದು.

ಮೊದಲ ವಾರದಲ್ಲಿ ನೋವು ಹೆಚ್ಚಾಗುತ್ತ ಹೋದರೆ, ಕೆಂಪು ಏರಿದರೆ, ಕಾಣುತ್ತಿದ್ದುದು ಮಂಜಾದರೆ ಅದೇ ದಿನ ಹೊರಡಿ. ಮುಂದಿನ ಒಪಿಡಿ ದಿನ ಕಾಯಬೇಡಿ, ಊರಿನ ಅಂಗಡಿಯಲ್ಲಿ ಹನಿ ಕೇಳಬೇಡಿ. ಕಣ್ಣೊಳಗಿನ ಸೋಂಕಿಗೆ ಔಷಧಿಯನ್ನು ಕಣ್ಣೊಳಗೇ ಚುಚ್ಚಬೇಕು, ತಡವಾದ ಒಂದೊಂದು ಗಂಟೆಗೂ ದೃಷ್ಟಿ ಜಾರುತ್ತದೆ. ರಾತ್ರಿಯಾದರೆ ಮೆಡಿಕಲ್ ಕಾಲೇಜಿನ ತುರ್ತು ವಿಭಾಗಕ್ಕೆ ಹೋಗಿ "ಪೊರೆ ಆಪರೇಷನ್ ಆಗಿ ಇಷ್ಟು ದಿನ ಆಯ್ತು" ಎಂದು ಮೊದಲ ಮಾತಿನಲ್ಲೇ ಹೇಳಿ.

ಕೈಯಿಂದ ಹೋಗುವ ದುಡ್ಡು

ಎಲ್ಲ ಉಚಿತವಾದರೂ ದಿನಗಳನ್ನು ಎಣಿಸಿ ನೋಡಿ. ತೋರಿಸಲು, ಪರೀಕ್ಷೆಗೆ 2 ದಿನ. ಅಡ್ಮಿಟ್, ಆಪರೇಷನ್, ಕಟ್ಟು ಬಿಚ್ಚುವುದು 3 ದಿನ. ವಾರದ ಮೇಲೆ ಒಂದು, ಆರು ವಾರಕ್ಕೊಂದು. ಒಟ್ಟು 7 ದಿನ. ಜೊತೆಗೆ ಬರುವವರ ಕೂಲಿ 2025–26ರ ನರೇಗಾ ದರದಲ್ಲಿ ದಿನಕ್ಕೆ 370 ರೂಪಾಯಿಯಂತೆ ಹಿಡಿದರೂ 2,590 ರೂಪಾಯಿ. ಸರ್ಕಾರ ಸಂಸ್ಥೆಗಳಿಗೆ ಕೊಡುವ ಒಂದು ಕಣ್ಣಿನ ಅನುದಾನಕ್ಕಿಂತ ಇದು ಹೆಚ್ಚು. ಬಸ್ಸಿನಲ್ಲಿ ಮಾತ್ರ ತುಸು ಹಗುರ: 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ಇಲ್ಲ. ಜೊತೆಗೆ ಮಗಳೋ ಸೊಸೆಯೋ ಹೋಗುವುದು ಅಗ್ಗವೇನೋ ಹೌದು, ಆದರೆ ಅವಳ ಕೂಲಿಯೂ ಕೂಲಿಯೇ. 2015–19ರ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯಲ್ಲೂ ಜನ ಪೊರೆ ತೆಗೆಸದಿರಲು ಕೊಟ್ಟ ಕಾರಣಗಳಲ್ಲಿ ಹಣದ ತೊಂದರೆ ಮುಂದಿತ್ತು. ಅಳತೆ, ರಕ್ತಪರೀಕ್ಷೆ, ಇಸಿಜಿ ಮೂರನ್ನೂ ಒಂದೇ ದಿನ ಮುಗಿಸುವಂತೆ ವಿಭಾಗ ಹೊಂದಿಸಿಕೊಂಡರೆ ಒಂದು ದಿನ ಉಳಿಯುತ್ತದೆ. ವಾರದ ತಪಾಸಣೆಯನ್ನು ತಾಲ್ಲೂಕು ಆಸ್ಪತ್ರೆಯ ನೇತ್ರಾಧಿಕಾರಿಯೇ ಮಾಡಿದರೆ ಇನ್ನೊಂದು.

ಅದೇ ಸಮೀಕ್ಷೆಯ ಇನ್ನೊಂದು ಅಂಕಿ ಆಸ್ಪತ್ರೆಗಳನ್ನು ಕುರಿತದ್ದು. 50 ದಾಟಿದವರ ಕುರುಡುತನಕ್ಕೆ ಕಾರಣ ಶೇ. 66.2ರಷ್ಟು ಪೊರೆ, ಶೇ. 7.2ರಷ್ಟು ಪೊರೆಯ ಆಪರೇಷನ್ನಿನಿಂದಲೇ ಆದ ತೊಡಕು. ಎಷ್ಟು ಆಪರೇಷನ್ ಆಯಿತು ಎಂಬ ಗುರಿಯನ್ನು ಮಾತ್ರ ಎಣಿಸುವ ಪದ್ಧತಿ ಈ ಎರಡನೇ ಅಂಕಿಯನ್ನು ಕಾಣುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಂತೆ ಆಪರೇಷನ್ ಆದ ಕಣ್ಣುಗಳಲ್ಲಿ ಶೇ. 80ಕ್ಕಿಂತ ಹೆಚ್ಚಿನವಕ್ಕೆ ಅವರು ಹಾಕಿಕೊಳ್ಳುವ ಕನ್ನಡಕದೊಡನೆ 6/18 (ಒಳ್ಳೆಯ ಕಣ್ಣಿಗೆ 18 ಮೀಟರಿನಿಂದ ಕಾಣುವ ಅಕ್ಷರ 6 ಮೀಟರಿನಿಂದ ಕಾಣುವುದು) ಅಥವಾ ಅದಕ್ಕಿಂತ ಚೆನ್ನಾಗಿ ಕಾಣಬೇಕು, 6/60ಕ್ಕೂ ಕಡಿಮೆ ಕಾಣುವವು ಶೇ. 5ರ ಒಳಗಿರಬೇಕು. ಬಳ್ಳಾರಿ, ರಾಯಚೂರು, ಕೊಪ್ಪಳದ ಕಣ್ಣಿನ ವಿಭಾಗಗಳು ತಿಂಗಳಿಗೊಮ್ಮೆ ಒಪಿಡಿ ಗೋಡೆಯ ಮೇಲೆ ಹಾಕಬೇಕಾದ ಅಂಕಿ ಇದು: ಆರನೇ ವಾರಕ್ಕೆ ಎಷ್ಟು ಜನ ವಾಪಸ್ ಬಂದರು, ಅವರಲ್ಲಿ ಎಷ್ಟು ಜನರಿಗೆ 6/18 ಕಂಡಿತು.

ಆರನೇ ವಾರಕ್ಕೆ ವಾಪಸ್ ಬರುವವರೇ ಕಡಿಮೆ. ಕಾಣುತ್ತಿದೆಯಲ್ಲ, ಮತ್ತೇಕೆ ಎಂದು ಸುಮ್ಮನಾಗುತ್ತಾರೆ. ಆದರೆ ಎಸ್‌ಐಸಿಎಸ್‌ನ ಸುರಂಗ ಮಾಯುವಾಗ ಕರಿಗುಡ್ಡೆ ಒಂದು ದಿಕ್ಕಿಗೆ ಚಪ್ಪಟೆಯಾಗಿ ಒಂದು–ಒಂದೂವರೆ ಅಡ್ಡ ಪವರು ನಿಲ್ಲುತ್ತದೆ, ಅದು ಸ್ಥಿರವಾಗುವುದು ಆಗಲೇ. ಹತ್ತಿರದ್ದಕ್ಕೆ ಹೇಗೂ +2.5ರ ಆಸುಪಾಸಿನ ಕನ್ನಡಕ ಬೇಕು, ಹೊಸ ಲೆನ್ಸ್ ಹರೆಯದ ಕಣ್ಣಿನ ಲೆನ್ಸಿನಂತೆ ದೂರಕ್ಕೂ ಹತ್ತಿರಕ್ಕೂ ಬಾಗುವುದಿಲ್ಲ. ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಕನ್ನಡಕವೂ ಸೇರಿದೆ. ಕಾರ್ಡ್ ಇಲ್ಲದವರು ಕೊನೆಯ ದಿನ ಡಿಸ್ಚಾರ್ಜ್ ಕಾರ್ಡಿನ ಜೊತೆ ಅದನ್ನೂ ಕೇಳಬೇಕು. ಎರಡನೇ ಕಣ್ಣಿಗೆ ತಾರೀಖು ಬರೆಸಿಕೊಳ್ಳಬೇಕಾದ ದಿನವೂ ಅದೇ.